ಕಬ್ಬಿನ ಬಿಲ್ಲೂ ಎಂ.ಎ. ಶುಲ್ಕವೂ

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಬಹುಪಾಲು ಕುಟುಂಬಗಳ ಆಯವ್ಯಯವು ತಿಂಗಳ ಸಂಬಳದ ಅಳತೆಯಲ್ಲಿ ನಡೆಯತಕ್ಕದ್ದಲ್ಲ. ನುರಿಸುವ ಹಂಗಾಮು ಆರಂಭವಾಗಿ, ಕಡಿದ ಕಬ್ಬು ಕಾರ್ಖಾನೆಯ ಕಾಟಾ ದಾಟಿ, ಬಿಲ್ಲು ಬ್ಯಾಂಕಿನ ಖಾತೆಗೆ ಜಮೆಯಾದ ಬಳಿಕವೇ ಅಲ್ಲಿ ವರ್ಷದ ಲೆಕ್ಕ ಕಣ್ಣು ತೆರೆಯುವುದು. ಆದರೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಾಗಲಿ, ಗಡಿಯಾಚೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯವಾಗಲಿ, ಸ್ನಾತಕೋತ್ತರ ತರಗತಿಯ ಶುಲ್ಕವನ್ನು ಕಟ್ಟಿಸಿಕೊಳ್ಳುವಾಗ ಈ ಪಂಚಾಂಗವನ್ನು ನೋಡುವುದಿಲ್ಲ. ಒಂದಕ್ಕೊಂದು ಹೊಂದದ ಈ ಎರಡು ಕಾಲಗಣನೆಗಳ ನಡುವಣ ಸಂದಿನಲ್ಲಿಯೇ ಸಾಲವು ಹುಟ್ಟುತ್ತದೆ. ಮನೆಯ ಹಿರಿಯರು ಚಹಾಪುಡಿಯಲ್ಲಿಯೂ ಬಸ್ಸಿನ ಚಾರ್ಜಿನಲ್ಲಿಯೂ ಉಳಿತಾಯವನ್ನು ಹುಡುಕುವರೇ ಹೊರತು, ಶಾಸನವು ತಮಗೆ ಸಲ್ಲಬೇಕೆಂದು ವಿಧಿಸಿರುವ ಹಣವನ್ನು ಜಮೆಯ ಬದಿಗೆ ಬರೆದುಕೊಳ್ಳುವುದು ವಿರಳ.

ಮೊದಲಿಗೆ ಆ ಬಿಲ್ಲನ್ನೇ ತೆಗೆದುಕೊಳ್ಳೋಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗಾಗಿ ಕಾರ್ಖಾನೆಯು ನ್ಯಾಯಬೆಲೆಯನ್ನು ಪಾವತಿ ಮಾಡತಕ್ಕದ್ದು; ತಪ್ಪಿದಲ್ಲಿ ವರ್ಷಕ್ಕೆ ಶೇಕಡ 15ರ ಬಡ್ಡಿ ಸಲ್ಲತಕ್ಕದ್ದು. ಒಂದು ಲಕ್ಷ ರೂಪಾಯಿ ಮೂರು ತಿಂಗಳು ತಡವಾದರೆ ಬಡ್ಡಿಯೇ 3,750 ರೂಪಾಯಿ. ಬಾಡಿಗೆ ಕೋಣೆಯಲ್ಲಿ ಓದುವ ಹುಡುಗನಿಗೆ ಇದು ಕಡೆಗಣಿಸತಕ್ಕ ಮೊತ್ತವಲ್ಲ. ಆದರೆ ಇದಕ್ಕೆ ವಿರುದ್ಧವಾದ ಲಿಖಿತ ಕರಾರು ಇಲ್ಲದಿದ್ದಲ್ಲಿ ಮಾತ್ರ ಈ ಗಡುವು ಅನ್ವಯಿಸುವುದೆಂದು ಅದೇ ಆದೇಶ ಹೇಳುತ್ತದೆ. ಆದಕಾರಣ ಕಬ್ಬಿನ ಒಪ್ಪಂದಪತ್ರಕ್ಕೆ ರುಜು ಹಾಕುವ ಮೊದಲು, ಮನೆಯಲ್ಲಿ ಓದು ಬಲ್ಲ ಎಂ.ಎ. ವಿದ್ಯಾರ್ಥಿಯು ಅದನ್ನು ಸಾವಧಾನವಾಗಿ ಓದಿ ತಂದೆಗೆ ವಿವರಿಸುವುದು, ಅವನ ವ್ಯಾಸಂಗದ ಪ್ರಥಮ ಪ್ರಯೋಜನವೆಂದು ನಾನು ತಿಳಿಯುತ್ತೇನೆ. ತೂಕದ ಚೀಟಿಯನ್ನು ಜೋಪಾನವಾಗಿಟ್ಟು, ಬಾಕಿಯ ಬಗ್ಗೆ ಜಿಲ್ಲಾಧಿಕಾರಿಗಳಿಗೂ ಕಬ್ಬು ಅಭಿವೃದ್ಧಿ ಆಯುಕ್ತರಿಗೂ ಲಿಖಿತ ಮನವಿಯನ್ನು ಸಲ್ಲಿಸಿ ಸ್ವೀಕೃತಿ ಪಡೆದರೆ, ಆ ಬಾಕಿಯನ್ನು ಬಡ್ಡಿಸಹಿತ ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಲು ಶಾಸನವು ದಾರಿ ತೆರೆದಿದೆ.

ಬಿಲ್ಲು ಬಾರದ ತಿಂಗಳುಗಳಲ್ಲಿ ತಾಯಿಯ ಹೆಸರಿನ ಸಂಘದ ಸಾಲವೇ ಬಹುತೇಕ ಶುಲ್ಕವಾಗಿ ಪರಿಣಮಿಸುವುದು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ವಾರ್ಷಿಕ ಆದಾಯ 3 ಲಕ್ಷ ರೂಪಾಯಿಗೆ ಮೀರದ ಕುಟುಂಬಕ್ಕೆ ಕೊಡುವ ಇಂಥ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತೂ ಕೂಡಿ ಮಾಸಿಕ ಆದಾಯದ ಅರ್ಧವನ್ನು ಮೀರಕೂಡದು. ಬೆಳಗಿನ 9ಕ್ಕೆ ಮೊದಲು, ಸಂಜೆ 6ರ ಅನಂತರ ವಸೂಲಿಗಾಗಿ ಕರೆ ಮಾಡಕೂಡದು. ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸಿ ಸಾಲಗಾರರನ್ನು ಪೀಡಿಸುವವರಿಗೆ ಹತ್ತು ವರ್ಷಗಳವರೆಗೂ ಸೆರೆವಾಸವನ್ನು ವಿಧಿಸುವ ಕಾನೂನನ್ನು ಕರ್ನಾಟಕವು 2025ರಲ್ಲಿ ತಂದಿದೆ. ಮನೆಯ ಮುಂದೆ ನಿಂತು ಕೂಗಾಡುವವನು ಮರ್ಯಾದೆಯನ್ನು ಒತ್ತೆಯಿಟ್ಟುಕೊಂಡಂತೆ ವರ್ತಿಸಿದರೂ, ಠಾಣೆಯಲ್ಲಿ ದೂರು ಕೊಡುವುದರಿಂದ ಮರ್ಯಾದೆಗೆ ಕುಂದಿಲ್ಲ.

ಸಾಲಕ್ಕಿಂತ ಮೊದಲು ನೋಡತಕ್ಕದ್ದು ವಿದ್ಯಾರ್ಥಿವೇತನ. ಅದಕ್ಕೆ ಮೂಲಾಧಾರವೋ ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪ್ರವೇಶದ ಗಡಿಬಿಡಿಯಲ್ಲಿ ಅದಕ್ಕಾಗಿ ಅಲೆಯುವುದಕ್ಕಿಂತ ಬೇಸಗೆಯಲ್ಲಿಯೇ ಅರ್ಜಿ ಕೊಟ್ಟು ‘ಸಕಾಲ’ ಯೋಜನೆಯ ಸ್ವೀಕೃತಿಯನ್ನು ಪಡೆಯುವುದು ಯುಕ್ತ; ಆದಾಯ ಪ್ರಮಾಣಪತ್ರವು ಐದು ವರ್ಷ ಊರ್ಜಿತವಿರುವುದರಿಂದ ಎರಡು ವರ್ಷದ ವ್ಯಾಸಂಗಕ್ಕೆ ಒಂದೇ ಸಾಕು. ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದ ಪರಿಹಾರವು ಅರ್ಜಿದಾರನಿಗೆ ಸಲ್ಲುತ್ತದೆ. ಮೊತ್ತ ಅಲ್ಪವೇ, ಆದರೆ ತಪ್ಪಿತಸ್ಥ ಅಧಿಕಾರಿಯಿಂದಲೇ ಅದು ವಸೂಲಾಗುವುದರಿಂದ ಅದರ ಪ್ರಭಾವ ಅಲ್ಪವಲ್ಲ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನಕ್ಕೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಗೆ ಮೀರಿರಬಾರದು. ಗಡಿಯ ಮಕ್ಕಳು ಅರಿತಿರಬೇಕಾದ ವಿಷಯವೊಂದುಂಟು: ನಿಪ್ಪಾಣಿಯ ವಿದ್ಯಾರ್ಥಿ ಕೊಲ್ಲಾಪುರದಲ್ಲಿ ಓದಿದರೂ ಈ ವೇತನವನ್ನು ಕೊಡುವ ಹೊಣೆ ಅವನು ನಿವಾಸಿಯಾದ ರಾಜ್ಯದ್ದೇ, ಓದುವ ರಾಜ್ಯದ್ದಲ್ಲ. ಹಣವು ಆಧಾರ್ ಜೋಡಣೆಯಾದ ಖಾತೆಗೆ ಬರುವುದರಿಂದ, ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೆಂದು ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಯುವನಿಧಿಯ ಮಾತು ಬೇರೆ: ತಿಂಗಳಿಗೆ 3,000 ರೂಪಾಯಿಯ ಆ ಭತ್ಯೆ ಪದವಿ ಮುಗಿಸಿಯೂ ಉದ್ಯೋಗ ದೊರೆಯದವರಿಗೆ, ಉನ್ನತ ವ್ಯಾಸಂಗಕ್ಕೆ ಸೇರಿದವರು ಅದಕ್ಕೆ ಅರ್ಹರಲ್ಲ. ಸುಳ್ಳು ಘೋಷಣೆಯಿಂದ ಪಡೆದ ಹಣವನ್ನು ಬಜೆಟ್ಟಿನಲ್ಲಿ ಸೇರಿಸಿಕೊಂಡವರು ಮುಂದೆ ಮರುಪಾವತಿಯ ಸಾಲನ್ನೂ ಸೇರಿಸಬೇಕಾದೀತು.

ಒಂದು ಕಾಲೇಜಿಗೆ ಶುಲ್ಕ ಕಟ್ಟಿದ ಮೇಲೆ ಇನ್ನೊಂದೆಡೆ ಸೀಟು ದೊರೆತು, ಮೊದಲಿನದು ಹೋಯಿತೆಂದು ಸುಮ್ಮನಾಗುವವರು ಅನೇಕರು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆಯಂತೆ, ಪ್ರವೇಶದ ಘೋಷಿತ ಕೊನೆಯ ದಿನಕ್ಕೆ 15 ಅಥವಾ ಹೆಚ್ಚು ದಿನ ಮುನ್ನ ಸೀಟು ಬಿಟ್ಟರೆ ಅಲ್ಪ ಕಡಿತದ ಹೊರತು ಪೂರ್ಣ ಶುಲ್ಕವೂ, ಆ ಬಳಿಕ ಕೊನೆಯ ದಿನದೊಳಗಾದರೆ ಶೇಕಡ 90ರಷ್ಟೂ, ಕೊನೆಯ ದಿನದ ಅನಂತರ 15 ದಿನಗಳೊಳಗೆ ಶೇಕಡ 80ರಷ್ಟೂ, 30 ದಿನಗಳೊಳಗೆ ಅರ್ಧವೂ ಹಿಂದಿರುಗಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳಕೂಡದು. ಕೆಲವು ವರ್ಷಗಳಲ್ಲಿ ಆಯೋಗವು ಇದಕ್ಕೂ ಉದಾರವಾದ ಗಡುವನ್ನು ಪ್ರಕಟಿಸಿದ್ದುಂಟಾದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡತಕ್ಕದ್ದು. ಕೊಡದಿದ್ದಲ್ಲಿ, 2023ರ ನಿಯಮಾವಳಿಯಂತೆ ಮೊದಲು ವಿದ್ಯಾರ್ಥಿ ಕುಂದುಕೊರತೆ ಸಮಿತಿಗೂ ತರುವಾಯ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಅವರಿಗೂ ದೂರು ಕೊಡಬಹುದು.

ಶಿಕ್ಷಣ ಸಾಲವನ್ನು ಕುರಿತು ಸಂಕ್ಷೇಪವಾಗಿ ಹೇಳುವುದಾದರೆ, ಬ್ಯಾಂಕುಗಳು ಅನುಸರಿಸುವ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಅಡವಿನ ಅಗತ್ಯವಿಲ್ಲ. ಕಂತು ಆರಂಭವಾಗುವುದು ವ್ಯಾಸಂಗ ಮುಗಿದು ಒಂದು ವರ್ಷ ಕಳೆದ ಬಳಿಕ. ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಸೇರಿಲ್ಲವೆಂಬ ಕಾರಣದಿಂದ ನಿರಾಕರಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ತಿಳಿಸಿದೆ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿರಿ. ದೂರಿಗೆ 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಹಣ ಸಾಲದಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಅವಿವಾಹಿತ ಮಗಳಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯು ಪ್ರಾಪ್ತವಯಸ್ಸಿನ ಅನಂತರವೂ ರಕ್ಷಣೆ ನೀಡುತ್ತದೆ. ತಂದೆತಾಯಿಗಳು ತಮ್ಮ ಶಕ್ತ್ಯನುಸಾರ ಅವಳ ವಿದ್ಯಾಭ್ಯಾಸದ ವೆಚ್ಚವನ್ನು ಭರಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಎತ್ತಿ ಹಿಡಿಯಿತು. ಅಣ್ಣನ ಡಿಗ್ರಿಗೆ ಹೊಲ ಅಡವಿಟ್ಟ ಮನೆ ತಂಗಿಯ ಎಂ.ಎಸ್ಸಿ.ಗೆ ಬಡತನವನ್ನು ಕಾರಣವಾಗಿ ಹೇಳುವುದು ನ್ಯಾಯವೆನಿಸದು.

ಇವೆಲ್ಲಕ್ಕೂ ವಕೀಲರ ಫೀ ಎಲ್ಲಿಂದ ತರುವುದೆಂಬ ಪ್ರಶ್ನೆ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ, ಉಳಿದವರಲ್ಲಿ ಬಹುಪಾಲು ಜನರಿಗೆ ನಿಗದಿತ ಮಿತಿಯೊಳಗೆ, ಉಚಿತ ವಕೀಲರು ದೊರೆಯುವರು. ಚಿಕ್ಕೋಡಿ, ಅಥಣಿ, ರಾಯಬಾಗ, ನಿಪ್ಪಾಣಿಗಳ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. 15100 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ನಡೆಯುವುದು. ಬರೆಯಲು ಬಾರದ ತಾಯಿಯು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯ ಸಿಬ್ಬಂದಿಯೇ ಬರೆದುಕೊಳ್ಳತಕ್ಕದ್ದು.