ಕಾಣದ ಬಿರುಕು

ಮನುಷ್ಯನು ಕೀಲಿಮಣೆಯಲ್ಲಿ ಬರೆದ ಆಜ್ಞೆಯನ್ನು ಓದಿ, ಅದನ್ನು ಗಣಕಯಂತ್ರದಿಂದ ನೆರವೇರಿಸುವ ಮಧ್ಯವರ್ತಿ ತಂತ್ರಾಂಶಕ್ಕೆ ‘ಶೆಲ್’ ಎಂದು ಹೆಸರು. ಕಾಳನ್ನು ಸಿಪ್ಪೆಯು ಆವರಿಸಿರುವಂತೆ ಇದು ಕಾರ್ಯವ್ಯವಸ್ಥೆಯ ತಿರುಳನ್ನು ಆವರಿಸಿರುತ್ತದೆ.

1989ರಲ್ಲಿ ಅಮೆರಿಕದ ಬ್ರಯನ್ ಫಾಕ್ಸ್ ಅವರು ‘ಬ್ಯಾಷ್’ ಎಂಬ ಶೆಲ್ಲನ್ನು ರಚಿಸಿದರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದಾಗಿತ್ತು, ತಿದ್ದಬಹುದಾಗಿತ್ತು, ಹಂಚಬಹುದಾಗಿತ್ತು. ಕಾಲಕ್ರಮದಲ್ಲಿ ಅದು ಅಂತರಜಾಲವನ್ನು ನಡೆಸುವ ಅಸಂಖ್ಯ ಯಂತ್ರಗಳಲ್ಲಿ ನೆಲೆಸಿತು.

ಒಂದು ತಂತ್ರಾಂಶವು ತನ್ನ ಮಾಹಿತಿಯನ್ನು ಮತ್ತೊಂದಕ್ಕೆ ಒಪ್ಪಿಸುವುದುಂಟು. ಇಂಥ ಮಾಹಿತಿಯ ಜೊತೆಯಲ್ಲಿ ಕಿರಿದಾದ ಕಾರ್ಯವಿಧಿಯೊಂದನ್ನೂ ಬ್ಯಾಷಿಗೆ ಕಳುಹಿಸಬಹುದಾಗಿತ್ತು. ಆ ವಿಧಿಯು ಮುಗಿದಲ್ಲಿ ಬ್ಯಾಷ್ ಓದುವುದನ್ನು ನಿಲ್ಲಿಸಬೇಕಾಗಿತ್ತು. ಆದರೆ ಅದು ನಿಲ್ಲದೆ, ವಿಧಿಯ ಬೆನ್ನಿಗೆ ಅಂಟಿಕೊಂಡು ಬಂದ ಮಾತುಗಳನ್ನೂ ಆಜ್ಞೆಯೆಂದು ನೆರವೇರಿಸುತ್ತಿತ್ತು. ಒಡೆಯನ ಪತ್ರದಲ್ಲಿ ರುಜುವಿನ ಕೆಳಗೆ ಬೇರೊಬ್ಬನು ಗೀಚಿದ ಸಾಲನ್ನೂ ಒಡೆಯನ ಅಪ್ಪಣೆಯೆಂದೇ ಪಾಲಿಸುವ ಆಳಿನ ರೀತಿ ಇದು.

ಆರಂಭದಲ್ಲಿ ಇದರಿಂದ ಅಪಾಯವಿರಲಿಲ್ಲ. ಆದರೆ ಮುಂದೆ ಹಲವು ಜಾಲತಾಣಗಳು ಅಪರಿಚಿತರು ಕಳುಹಿಸಿದ ಕೋರಿಕೆಯ ಪದಗಳನ್ನು ಇದೇ ಮಾರ್ಗವಾಗಿ ಬ್ಯಾಷಿಗೆ ಒಪ್ಪಿಸತೊಡಗಿದವು. ಅಂದಿನಿಂದ, ದೂರದೇಶದ ವಂಚಕನೂ ಪರರ ಯಂತ್ರಕ್ಕೆ ಆಜ್ಞೆ ಮಾಡಬಲ್ಲವನಾದನು.

2014ರ ಸೆಪ್ಟೆಂಬರ್ ತಿಂಗಳಿನಲ್ಲಿ ಸ್ಟೆಫಾನ್ ಶಾಜೆಲಾಸ್ ಎಂಬವರು ಈ ದೋಷವನ್ನು ಗುರುತಿಸಿದರು. ಅವರು ಅದನ್ನು ಡಂಗುರ ಸಾರದೆ, ಬ್ಯಾಷಿನ ಪಾಲಕರಾದ ಚೆಟ್ ರೇಮಿ ಅವರಿಗೆ ಗುಟ್ಟಾಗಿ ತಿಳಿಸಿದರು. ಪರಿಹಾರವು ಸಿದ್ಧವಾದ ಬಳಿಕ, 24ರಂದು ಸುದ್ದಿ ಪ್ರಕಟವಾಯಿತು. ‘ಶೆಲ್‌ಷಾಕ್’ ಎಂದು ಹೆಸರಾದ ಈ ದೋಷವನ್ನು ಬಳಸಿ ದುರುಳರು ಮರುದಿನದೊಳಗೇ ದಾಳಿಗೆ ತೊಡಗಿದರು. ಮೊದಲ ತಿದ್ದುಪಡಿಯೂ ಸಾಲದಾಯಿತು. ಸಂಬಂಧಿಸಿದ ಇತರ ದೋಷಗಳೂ ಬೆಳಕಿಗೆ ಬಂದು, ಒಟ್ಟು 6 ದೋಷಗಳು ದಾಖಲಾದವು.

ಇಷ್ಟು ಯಂತ್ರಗಳ ಭಾರವನ್ನು ಹೊತ್ತಿದ್ದ ಬ್ಯಾಷನ್ನು ರೇಮಿ ಅವರು ಎರಡು ದಶಕಗಳಿಂದ ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. ಅದರಿಂದ ಲಾಭ ಪಡೆದವರು ಅಸಂಖ್ಯರು. ಕಾವಲಿಗೆ ನಿಂತವರು ಬೆರಳೆಣಿಕೆಯವರು. ಊರ ಕೆರೆಯ ನೀರನ್ನು ಎಲ್ಲರೂ ಬಳಸುತ್ತಾರೆ. ಏರಿಯ ಬಿರುಕನ್ನು ಮಾತ್ರ ಇನ್ನೊಬ್ಬರು ನೋಡಿರಬಹುದೆಂದು ಪ್ರತಿಯೊಬ್ಬರೂ ನಂಬುತ್ತಾರೆ. ತೆರೆದಿಟ್ಟ ಪುಟದಲ್ಲಿಯೇ ದೋಷವೊಂದು 25 ವರ್ಷ ಅಡಗಿದ್ದುದು ಇಂಥ ನಂಬಿಕೆಯಿಂದ. ಓದಲು ಅವಕಾಶವಿದ್ದರೆ ಸಾಲದು, ಓದುವವರೂ ಬೇಕು.

ಅಭ್ಯಾಸ

1. ಶೆಲ್ ಎಂದರೇನು?
2. ಬ್ಯಾಷಿನ ದೋಷವನ್ನು ಲೇಖಕರು ಯಾವ ಹೋಲಿಕೆಯಿಂದ ವಿವರಿಸಿದ್ದಾರೆ?
3. ‘ಓದಲು ಅವಕಾಶವಿದ್ದರೆ ಸಾಲದು, ಓದುವವರೂ ಬೇಕು’ – ಈ ಮಾತನ್ನು ಸಮರ್ಥಿಸಿರಿ.