ಎರಡು ಪ್ಲೇಟು, ನೂರು ಕ್ರೇಟು

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಕ್ರೇಟಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಈ ಅಂಕಣಕಾರನ ಮನೆಯ ಪಿಕಪ್ಪಿಗೆ ಬಿಡುವೇ ಇರಲಿಲ್ಲ. ಅಕ್ಕಪಕ್ಕದ ತೋಟದ ಹಣ್ಣನ್ನೂ ಸೇರಿಸಿ ನೂರು ಕ್ರೇಟು ಹೇರಿದರೆ ಗಾಡಿಯ ಹಿಂಭಾಗ ಕುಸಿದು ಕೂರುತ್ತಿತ್ತು, ಹೆಡ್‌ಲೈಟು ಆಕಾಶ ನೋಡುತ್ತಿತ್ತು.

‘ಎರಡೆರಡು ಪ್ಲೇಟು ಜಾಸ್ತಿ ಹಾಕೋಣ ಸಾರ್’ ಎಂದ ಕಮಾನು ಪಟ್ಟಿಯ ಅಂಗಡಿಯವನು. ಕೂಲಿಯೂ ಸೇರಿ 9,000 ರೂಪಾಯಿ. ಗಾಡಿ ನೆಟ್ಟಗೆ ನಿಂತಿತು, ಮಾಲೀಕನ ಎದೆಯೂ ಉಬ್ಬಿತು.

ಖುಷಿ ಉಳಿದದ್ದು ಒಂದೇ ತಿಂಗಳು. ಮಾರುಕಟ್ಟೆಯಿಂದ ಖಾಲಿ ಬರುವಾಗ ಪಿಕಪ್ಪು ಮೇಕೆಯಂತೆ ಜಿಗಿಯತೊಡಗಿತು. ಶಾಕ್ ಅಬ್ಸಾರ್ಬರ್ ಸೋರಿತು, ಅದಕ್ಕೆ 3,600 ರೂಪಾಯಿ ಹೋಯಿತು. ಇನ್ನೊಂದು ತೊಂದರೆ ಕಣ್ಣಿಗೆ ಕಾಣುವಂಥದ್ದಲ್ಲ. ಆ ಗಾಡಿಯಲ್ಲಿ, ಹಿಂಭಾಗ ಎಷ್ಟು ಕುಸಿದಿದೆ ಎಂಬುದರ ಮೇಲೆ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇದೆ. ಪಟ್ಟಿ ಬಿಗಿಯಾಗಿ ಗಾಡಿ ಕುಸಿಯದಿದ್ದರೆ ಲೋಡೇ ಇಲ್ಲವೆಂದು ಬಗೆದು ಅದು ಬ್ರೇಕಿನ ಬಲ ತಗ್ಗಿಸುತ್ತದೆ.

ಹಳೆಯ ಮೆಕ್ಯಾನಿಕ್ ಒಬ್ಬರು ಪಾನಾ ಹಿಡಿಯುವ ಮೊದಲು ಗಾಡಿಯನ್ನು ವೇಬ್ರಿಡ್ಜಿಗೆ ಕಳಿಸಿದರು. ನೂರು ಕ್ರೇಟಿಗೆ 1,500 ಕೆ.ಜಿ. ಎಂದು ಮನೆಯ ಲೆಕ್ಕ. ಚೀಟಿಯಲ್ಲಿ ಬಂದದ್ದು 1,720. ಪ್ಲಾಸ್ಟಿಕ್ ಕ್ರೇಟಿನ ತೂಕವನ್ನು ಯಾರೂ ಎಣಿಸಿಯೇ ಇರಲಿಲ್ಲ! ಆರ್‌ಸಿ ಪ್ರಕಾರ ಹೊರಬಹುದಾದದ್ದು 1,500 ಮಾತ್ರ. ಎಷ್ಟು ಪ್ಲೇಟು ಸೇರಿಸಿದರೂ ಆ ಅಂಕಿ ಬದಲಾಗುವುದಿಲ್ಲ. ಆಕ್ಸಲ್, ಬೇರಿಂಗ್, ಟೈರು ಎಲ್ಲವೂ ಹಳೆಯವೇ.

ಅಂದು ರಾತ್ರಿ ಹೊಸ ಲೆಕ್ಕ ಶುರುವಾಯಿತು. ಕ್ರೇಟಿಗೆ 15 ರೂಪಾಯಿ ಬಾಡಿಗೆ. 14 ಕ್ರೇಟು ಇಳಿಸಿದರೆ ಟ್ರಿಪ್ಪಿಗೆ ನಷ್ಟ 210. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಓವರ್‌ಲೋಡಿಗೆ ದಂಡ 20,000, ಮೇಲೆ ಹೆಚ್ಚುವರಿ ಟನ್ನಿಗೆ 2,000. ಒಮ್ಮೆ ಸಿಕ್ಕಿಬಿದ್ದರೆ ಸುಮಾರು 95 ಟ್ರಿಪ್ಪಿನ ‘ಲಾಭ’ ಅಲ್ಲಿಗೇ ಸಮ.

ಲೋಡು 86 ಕ್ರೇಟಿಗೆ ಇಳಿಯಿತು. ಸೇರಿಸಿದ್ದ ಪ್ಲೇಟುಗಳನ್ನು ಬಿಚ್ಚಿ, ಅವುಗಳ ಬದಲು ಎರಡೂ ಕಡೆ ಒಂದೊಂದು ಹೆಲ್ಪರ್ ಪ್ಲೇಟನ್ನು ಪಟ್ಟಿಯ ಮೇಲೆ ಕೂರಿಸಿದರು. ಅದರ ತುದಿಗಳು ಯಾವುದಕ್ಕೂ ಕಟ್ಟಿಕೊಂಡಿಲ್ಲ. ಖಾಲಿ ಗಾಡಿಯಲ್ಲಿ ಚಾಸಿಯ ಬ್ರಾಕೆಟ್ಟಿಗೂ ಅವಕ್ಕೂ ನಡುವೆ ಎರಡು ಬೆರಳು ಜಾಗ. ಲೋಡು ಬಿದ್ದಾಗಷ್ಟೇ ತಗುಲಿ ಹೆಗಲು ಕೊಡುತ್ತವೆ. ರಬ್ಬರ್ ಸ್ಪ್ರಿಂಗ್, ಏರ್ ಬ್ಯಾಗುಗಳೂ ಸಿಗುತ್ತವೆ. ಆದರೆ ಏರ್ ಬ್ಯಾಗಿಗೆ ಆಗಾಗ ಗಾಳಿ ನೋಡಬೇಕು, ತೋಟದ ಮಣ್ಣುದಾರಿಯಲ್ಲಿ ಪೈಪು ಕಾಯಬೇಕು. ಹಳೆಯ ಯೂ-ಬೋಲ್ಟನ್ನು ಮತ್ತೆ ಬಳಸಲು ಮೆಕ್ಯಾನಿಕ್ ಒಪ್ಪಲಿಲ್ಲ. ಹೊಸದನ್ನು ಹಾಕಿ, 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿದು, ಬ್ರೇಕ್ ವಾಲ್ವನ್ನೂ ಹೊಂದಿಸಿಕೊಟ್ಟರು. ಒಟ್ಟು 5,800.

ಬಿಚ್ಚಿದ ಪ್ಲೇಟುಗಳಲ್ಲಿ ಮೂರು ಗುಜರಿಗೆ ಹೋದವು. ನಾಲ್ಕನೆಯದನ್ನು ಊರಿನ ಕಮ್ಮಾರ ಕಾಯಿಸಿ ಬಡಿದು ಎರಡು ಮಚ್ಚು ಮಾಡಿಕೊಟ್ಟ. ಕಮಾನಿನ ಉಕ್ಕಿಗೆ ಸಾಣೆ ಚೆನ್ನಾಗಿ ಹಿಡಿಯುತ್ತದೆಯಂತೆ.