ಪುಡಿ ಆಮೇಲೆ, ಮೊದಲು ಬೀಡಿ

ನಿಪ್ಪಾಣಿಯ ಓದುಗರೇ, ಬಿಪಿ ಇದೆ, ಬೀಡಿಯೂ ಇದೆ, ‘ನೈಟ್ರಿಕ್ ಆಕ್ಸೈಡ್ ಹೆಚ್ಚಿಸುವ’ ಪುಡಿ ಕೊಳ್ಳಲೇ ಎಂದು ಕೇಳಿದ್ದೀರಿ. ದುಡ್ಡು ಉಳಿಸಿ.

ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ರಕ್ತನಾಳದ ಒಳಪದರವೇ ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತದೆ. ಅದರಿಂದ ನಾಳದ ಸ್ನಾಯು ಸಡಿಲಗೊಂಡು ರಕ್ತ ಸಲೀಸಾಗಿ ಹರಿಯುತ್ತದೆ. ಈ ಗುಟ್ಟು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರ ನೊಬೆಲ್ ಬಂತು. ಬೀಡಿ ಸೇದಿದಾಗ ಹೆಚ್ಚುವ ಸೂಪರಾಕ್ಸೈಡ್ ಆ ಅನಿಲವನ್ನು ಹುಟ್ಟಿದಲ್ಲೇ ಹಿಡಿದು, ನಾಳಕ್ಕೇ ಹಾನಿ ಮಾಡುವ ಪೆರಾಕ್ಸಿನೈಟ್ರೈಟ್ ಆಗಿಸುತ್ತದೆ. ಹೊಗೆ ನಿಲ್ಲಿಸದೆ ಪುಡಿ ತಿನ್ನುವುದು ತೂತು ಕೊಡಕ್ಕೆ ನೀರು ಸುರಿದಂತೆ.

ತಂಬಾಕಿನ ಊರಿಗೆ ಇದನ್ನು ಹೇಳುವುದು ಸುಲಭವಲ್ಲ. 1981ರಲ್ಲಿ ಬೆಲೆಗಾಗಿ ರೈತರು ಹೆದ್ದಾರಿಗಿಳಿದ ಊರದು. ಆದರೆ ಬೆಳೆಯುವುದು ಬೇರೆ, ಸೇದುವುದು ಬೇರೆ.

ಸಂತೆಯ ಪಾಲಕ್, ರಾಜಗಿರಿ, ಬೀಟ್‌ರೂಟ್ ತಿನ್ನಿ. ಅವುಗಳ ನೈಟ್ರೇಟನ್ನು ನಾಲಿಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದಲೂ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ. (ದಿನಾ ಕ್ರಿಮಿನಾಶಕ ಮೌತ್‌ವಾಶ್ ಮುಕ್ಕಳಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ.) ಮೂತ್ರಪಿಂಡದ ಕಲ್ಲಿದ್ದರೆ ಈ ಮೂರೂ ಮಿತಿಯಲ್ಲಿರಲಿ.

ಬಿಪಿ ಮಾತ್ರೆ ಬಿಡಬೇಡಿ. ಬೀಡಿ ಬಿಡಲು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.